ಪಿಂಗಾಣಿ ಒಲೆಯ ಮುಚ್ಚಳ

"ಅಕ್ಕಾರ, ಒಮ್ಮಿಗೆ ತೆರೀಬ್ಯಾಡ್ರಿ!"

ಬೈಲಹೊಂಗಲದ ನಮ್ಮ ಓಣಿಯ ಇಸ್ತ್ರಿ ಕಾಕಾ ಬಟ್ಟೆಯ ಗಂಟು ಎಸೆದು ಓಡಿ ಬಂದು ನನ್ನ ಕೈ ಹಿಡಿದರು. ಅಂಗಳದಲ್ಲಿ, ನನ್ನ ತಮ್ಮ ತಂದುಕೊಟ್ಟ, ಒಳಗೆ ಇದ್ದಿಲು ಹಾಕಿ ಮುಚ್ಚಳ ಮುಚ್ಚಿ ಬೇಯಿಸುವ ಹಂಡೆಯಂಥ ಪಿಂಗಾಣಿ ಒಲೆಯಲ್ಲಿ ಬೀಗರಿಗಾಗಿ ಕುರಿಯ ತೊಡೆ ಬೇಯಲಿಟ್ಟಿದ್ದೆ. ಸಂಜೆಯವರೆಗೂ ಉರಿಯಲೆಂದು, ಚೀಲಕ್ಕೆ ಶೇಂಗಾ ತುಂಬಿದಂತೆ ಇದ್ದಿಲನ್ನು ಒತ್ತಿ ಒತ್ತಿ ತುಂಬಿದ್ದೆ. ಹೊಗೆ ನಿಂತಿತು. ಬೆಂಕಿ ಆರಿತೆಂದು ಗಾಬರಿಯಾಗಿ ಮುಚ್ಚಳಕ್ಕೆ ಕೈ ಹಾಕಿದ್ದೆ. ಪಕ್ಕದಲ್ಲೇ ಮಗಳು ಬಗ್ಗಿ ನಿಂತಿದ್ದಳು.

"ಆರಿಲ್ರಿ, ಉಸರ ಕಟ್ಟೈತಿ. ಗಾಳಿ ಸಿಕ್ಕರ ಮಾರಿಗೇ ಬಡೀತೈತಿ."

ಮಗಳನ್ನು ದೂರ ಸರಿಸಿ, ಕಾಕಾ ಮುಚ್ಚಳವನ್ನು ಬೆರಳಷ್ಟೇ ಎತ್ತಿದರು. ಸಂದಿಯಿಂದ ಉರಿ ಭುಸ್ಸೆಂದು ಹೊರಚಾಚಿತು.

ಹತ್ತು ವರ್ಷದಿಂದ ಅವರ ಕೈಗೆ ಬಟ್ಟೆ ಕೊಡುತ್ತಿದ್ದೇನೆ. ಅವರ ಎಡಹುಬ್ಬಿನ ಜಾಗದಲ್ಲಿ ಹಳೆಯ ಸುಟ್ಟ ಕಲೆಯಿರುವುದನ್ನು ಅಂದೇ ನೋಡಿದೆ.