ಮೊಟ್ಟೆಯ ಬದಲು ಲಿಂಬೆಹಣ್ಣು

ಕೋಟದ ಆ ಬದಿಯಲ್ಲಿ ಬಿತ್ತನೆ ಭತ್ತ ಬೇಕಾದವರು ಮೊದಲು ಹೋಗುತ್ತಿದ್ದುದು ವಿಷ್ಣುಮೂರ್ತಿ ಮಯ್ಯರ ಮನೆಗೆ. ಬೆಳಿಗ್ಗೆ ದೇವಸ್ಥಾನದ ಪೂಜೆ, ಆಮೇಲೆ ಗದ್ದೆ. ಮಾತಿಗೆ ತಪ್ಪದ ಮನುಷ್ಯ ಅಂತ ಹೆಸರು. ಆ ಹೆಸರೇ ತುಸು ತಲೆಗೇರಿತ್ತು ಅನ್ನಿ.

ಗಟ್ಟಿ ಬೀಜ ಆರಿಸಲು ಕೃಷಿ ತರಬೇತಿಯಲ್ಲಿ ಹೇಳಿಕೊಟ್ಟದ್ದು ಸುಲಭದ ಉಪಾಯ. ಬರೀ ನೀರಿನಲ್ಲಿ ಅರೆಜೊಳ್ಳೂ, ಅಂದರೆ ಪೂರ್ತಿ ತುಂಬದ ಕಾಳೂ, ಮುಳುಗಿಬಿಡುತ್ತದೆ. ಉಪ್ಪು ಹಾಕಿದಷ್ಟೂ ನೀರು ದಟ್ಟವಾಗಿ, ಮೇಲಕ್ಕೆತ್ತುವ ಬಲ ಹೆಚ್ಚುತ್ತದೆ. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕದಡಿ ಭತ್ತ ಸುರಿದರೆ ಅರೆಜೊಳ್ಳು ಮೇಲೆ, ಗಟ್ಟಿಕಾಳು ತಳಕ್ಕೆ. ಮಯ್ಯರು ತಲೆಯಾಡಿಸಿ ಬಂದರು. ಆದರೆ ಮೊಟ್ಟೆ! ಮಯ್ಯರು ಅಂಗಡಿಯಲ್ಲಿ ಮೊಟ್ಟೆ ಕೇಳಿದರೆ ಊರು ಸುಮ್ಮನಿದ್ದೀತೇ? ಹೆಂಡತಿ ಅಮ್ಮಣ್ಣಿ ಅಂಗಳ ಹತ್ತಿಸಿಯಾಳೇ? ದೇವರ ಕೋಣೆಯಿಂದ ಒಂದು ಲಿಂಬೆಹಣ್ಣು ತಂದು, ಹಿಡಿ ಉಪ್ಪು ಕದಡಿದ ನೀರಿಗೆ ಹಾಕಿದರು. ಅಷ್ಟಕ್ಕೇ ತೇಲಿತು. ಆಯಿತಲ್ಲ! ಭತ್ತ ಸುರಿದು, ಮುಳುಗಿದ್ದನ್ನೆಲ್ಲ ಬೀಜಕ್ಕೆ ಎತ್ತಿಟ್ಟರು.

ಮೊಟ್ಟೆಯ ಉಪಾಯ ಕೇಳಿ ತಿಳಿದಿದ್ದ ನೆರೆಮನೆಯ ಬೇಬಿ ಬೀಜಕ್ಕೆ ಬಂದಳು. ಅವಳಿಗಿರುವುದೇ ಒಂದು ಗದ್ದೆ, ವರ್ಷದ ಅನ್ನ ಅದರಲ್ಲೇ.

"ಮೊಟ್ಟೆ ಹಾಕಿ ಕಂಡ್ರ್ಯಾ ಅಯ್ಯಾ?"

"ಹ್ಞೂಂ, ಕಂಡೆ" ಎಂದುಬಿಟ್ಟರು.

ಹತ್ತು ದಿನ ಕಳೆದು ನೋಡಿದರೆ ಅವಳು ಸಸಿಗೆಂದು ಬಿತ್ತಿದ ಅಗೆಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ, ಮುದುಕನ ಹಲ್ಲಿನ ಹಾಗೆ.

"ನನ್ ಕೈಗುಣವೇ ಸರಿ ಇಲ್ಲ ಅಯ್ಯಾ. ನಿಮ್ ಬೀಜಕ್ಕೆ ಎಂತ ಹೇಳೂಕಿತ್ತ್?" ಎಂದಳು ಬೇಬಿ.

ಮಯ್ಯರ ಮುಖ ಸುಟ್ಟಂತಾಯಿತು. ಮನೆಗೆ ಬಂದು ಲಿಂಬೆಹಣ್ಣನ್ನು ಕುಡಿಯುವ ನೀರಿಗೆ ಹಾಕಿದರು. ಉಪ್ಪಿನ ಹಂಗೇ ಇಲ್ಲದೆ ತೇಲಿತು ಶನಿ! ಎರಡು ದಿನ ಬೇಬಿಯ ಮನೆಯೆದುರು ಹಾಯದೆ ಸುತ್ತು ದಾರಿಯಲ್ಲಿ ದೇವಸ್ಥಾನಕ್ಕೆ ಹೋದರು. ನಾಚಿಕೆಗೆ ಊಟ ಸೇರಲಿಲ್ಲ.

ಮೂರನೆಯ ದಿನ ಉಳಿದ ಬೀಜದ ಮೂಟೆ, ಉಪ್ಪು ಹೊತ್ತು ಅವಳ ಅಂಗಳಕ್ಕೇ ಹೋದರು.

"ಸುಳ್ಳ್ ಹೇಳ್ದೆ ಬೇಬಿ. ಹಾಕಿದ್ದ್ ಲಿಂಬೆಹಣ್ಣ್. ನಿನ್ ಕೈಗುಣ ಅಲ್ಲ, ನನ್ ತಪ್ಪ್."

ಬೇಬಿ ಒಳಗೆ ಹೋಗಿ ಒಂದು ಬಟಾಟೆ ತಂದಳು. "ಇದ್ ಬರಿ ನೀರಂಗೆ ಮುಳ್ಗತ್ತ್, ಉಪ್ಪ್‌ನೀರಂಗೆ ತೇಲತ್ತ್. ಮೊಟ್ಟೆ ಆತಿಲ್ಲ ಅಂದ್ರೆ ನನ್ ಹತ್ರ ಕೇಳ್ಲಕ್ಕಿತ್ತಲೆ!"

ಬಟಾಟೆ ತೇಲುವವರೆಗೆ ಉಪ್ಪು ಕದಡಿ ಭತ್ತ ಸುರಿದರು. ಅರ್ಧಕ್ಕರ್ಧ ಮೇಲೆ ಬಂತು. ಮಯ್ಯರಿಗೆ ತಲೆಯೆತ್ತಲಾಗಲಿಲ್ಲ. ತಳದ ಕಾಳು ಬಾಚಿ ಸಿಹಿನೀರಿನಲ್ಲಿ ತೊಳೆದುಕೊಟ್ಟರು. ಮತ್ತೆ ಬಿತ್ತಲು ಇನ್ನೂ ಹೊತ್ತು ಮೀರಿರಲಿಲ್ಲ, ಅದೊಂದು ಪುಣ್ಯ.

ಬೇಬಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬುಟ್ಟಿ ಎತ್ತಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು, "ಬಪ್ಪ ವರ್ಷದಿಂದ ಬೀಜ ನಾನೇ ಕಂಡ್ಕಂತೆ ಅಯ್ಯಾ."