ಎರಡನೆಯ ರೊಟ್ಟಿ

ಇವತ್ತು ಮುಂಜಾನೆ ಕುಸುಬೆ ಎಣ್ಣೆಯ ಬಾಟಲಿ ತೊಳೆಯಲು ಕುಳಿತಿದ್ದೆ. ಬಿಸಿನೀರು, ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಅದರ ಮಗ್ಗುಲಲ್ಲಿರುವ ಒಂದು ಕಲೆ ಮಾತ್ರ ಹೋಗುವುದಿಲ್ಲ. ಗರಗಸದ ಹಲ್ಲಿನಂತೆ ಕತ್ತರಿಸಿ ಅಂಟಿಸಿದ್ದ ಕಾಗದದ ಪಟ್ಟಿಯ ಕಲೆ ಅದು. ನೀವು ನನ್ನ ವಯಸ್ಸಿನವರಾದರೆ ಕೂಡಲೇ ಗುರುತು ಹಿಡಿಯುತ್ತೀರಿ. ಆಗ ದವಾಖಾನೆಗೆ ಹೋಗುವವರು ಬಾಟಲಿಯನ್ನು ಮನೆಯಿಂದಲೇ ಒಯ್ಯಬೇಕಿತ್ತು. ಕಂಪೌಂಡರ ಅದರಲ್ಲಿ ಮಿಕ್ಸ್ಚರ್ ಸುರಿದು, ಹೊರಗೆ ಇಂಥದೊಂದು ಪಟ್ಟಿ ಅಂಟಿಸುತ್ತಿದ್ದ. ಔಷಧ ಒಂದು ಹಲ್ಲು ಇಳಿದರೆ ಒಂದು ಡೋಸು ಮುಗಿದಂತೆ. ಓದು ಬಾರದವರಿಗೂ ತಿಳಿಯುತ್ತಿತ್ತು.

ಸೊಸೆಗೆ ಈ ಬಾಟಲಿ ಕಂಡರೆ ಆಗುವುದಿಲ್ಲ. "ಅತ್ತಿ, ಸ್ಟೀಲಿನ ಡಬ್ಬಿ ತಂದಿಟ್ಟೀನಲ್ರಿ. ಇದನ್ನ ಒಗೀಬಾರದಾ?" ಎಂದು ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಕೇಳುತ್ತಾಳೆ. ನಾನು ಹೂಂ ಅನ್ನುತ್ತೇನೆ, ತೊಳೆಯುತ್ತೇನೆ, ಮತ್ತೆ ಎಣ್ಣೆ ತುಂಬುತ್ತೇನೆ. ಇದು ನನ್ನ ಅತ್ತೆಯ ಔಷಧದ ಬಾಟಲಿ. ಒಂದು ಕಾಲಕ್ಕೆ ಇದರಲ್ಲಿಯ ಔಷಧ ಇಳಿಯದೇ ಹೋದದ್ದರಿಂದ ನಮ್ಮ ಮನೆಯ ಊಟದ ರೀತಿಯೇ ಬದಲಾಯಿತು.

ಐವತ್ತರ ದಶಕದ ನಡುವೆ ನಾನು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದೆ. ಮಾವನವರು ಬಟ್ಟೆ ಗಿರಣಿಯ ಆಫೀಸಿನಲ್ಲಿ ಹೆಡ್‌ಕ್ಲಾರ್ಕ್. ಮನೆಯವರಿಗೂ ಗಲ್ಲಿಯವರಿಗೂ ಅವರು ಅಣ್ಣಾ. ನಮಗೆ ಗಡಿಯಾರ ಬೇಕಿರಲಿಲ್ಲ, ಗಿರಣಿಯ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಇತ್ತು. ಮೊದಲನೆಯದು ಕೂಗಿದಾಗ ಅಣ್ಣಾ ತಾಟಿನ ಮುಂದೆ ಕೂಡುತ್ತಿದ್ದರು; ಎರಡನೆಯದು ಕೂಗುವ ಹೊತ್ತಿಗೆ ಟೊಪ್ಪಿಗೆ ಹಾಕಿಕೊಂಡು ಗಿರಣಿಯ ಗೇಟಿನ ಒಳಗೆ ಇರುತ್ತಿದ್ದರು. ಅವರು ತಡವಾಗಿ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಮಾತು ಬಹಳ ಕಡಿಮೆ. ಉಪ್ಪು ಬೇಕಾದರೂ ತಾಟನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು, ನಾನು ಉಪ್ಪಿನಕಾಯಿ ತೆಗೆದುಕೊಂಡು ಓಡುತ್ತಿದ್ದೆ. ಯಾವ ತಟ್ಟಿಗೆ ಯಾವುದು ಎಂದು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ನಮ್ಮ ಡಾಕ್ಟರಕಾಕಾನೂ ಅಕ್ಕಲಕೋಟದವರೇ. ಸೊಲ್ಲಾಪುರದಲ್ಲಿ ದವಾಖಾನೆ ಇಟ್ಟಿದ್ದರೂ ಗುರುವಾರ ಮಾತ್ರ ಎಸ್.ಟಿ. ಬಸ್ಸು ಹತ್ತಿ ಊರಿಗೆ ಹೋಗಿ, ಸ್ವಾಮಿಗಳ ಮಠದ ಹಿಂದಿನ ಗಲ್ಲಿಯಲ್ಲಿ ರೋಗಿಗಳನ್ನು ನೋಡಿ ಬರುತ್ತಿದ್ದರು. ಬರುವಾಗ ನನ್ನ ತವರಿನ ಸುದ್ದಿಯನ್ನೂ ತರುತ್ತಿದ್ದರು. ಹಾಗಾಗಿ ಶುಕ್ರವಾರ ಅವರ ಸೈಕಲ್ಲಿನ ಗಂಟೆ ಕೇಳಿದರೆ, ಮನೆಯಲ್ಲಿ ಯಾರಿಗೂ ಜಡ್ಡಿಲ್ಲದಿದ್ದರೂ ನನಗೆ ಒಂದಿಷ್ಟು ತಲೆನೋವು ಬರುತ್ತಿತ್ತು.

ಅವರ ಔಷಧಕ್ಕಿಂತ ಉಪದೇಶ ಹೆಚ್ಚು, ಮತ್ತು ಆ ಉಪದೇಶಗಳೆಲ್ಲ ಬಹಳ ಸಣ್ಣವು. ನೀರನ್ನು ಕುಳಿತು ಕುಡಿಯಿರಿ. ಗೋದಿಯ ಪೋಳಿ ಹಬ್ಬಕ್ಕೆ ಇರಲಿ, ದಿನಾ ಜೋಳದ ರೊಟ್ಟಿ ಬಿಡಬೇಡಿರಿ. ಮುಂಜಾನೆಯ ಬಿಸಿಲಿಗೆ ಬೆನ್ನು ಕೊಡಿರಿ. ಅಣ್ಣಾಗೆ ಸಂಜೆ ತಿರುಗಾಡಿ ಬರಲು ಹೇಳಿದ್ದರು. ಅಣ್ಣಾ ಶಿಸ್ತಿನಿಂದ ಹೊರಡುತ್ತಿದ್ದರು, ಗಲ್ಲಿಯ ತುದಿಯ ಪಾನಪಟ್ಟಿಯವರೆಗೆ ಹೋಗಿ ಅಲ್ಲಿಯ ಬಾಕಿನ ಮೇಲೆ ಕುಳಿತು ವಾಪಸು ಬರುತ್ತಿದ್ದರು. ಅತ್ತೆ ಒಮ್ಮೆ ಯಾರ ಮೇಲೋ ಸಿಡಿಮಿಡಿ ಮಾಡುತ್ತ ರೊಟ್ಟಿ ಬಡಿಯುತ್ತಿದ್ದಾಗ ಡಾಕ್ಟರಕಾಕಾ, "ಸಿಟ್ಟಿನಾಗ ಉಣಬ್ಯಾಡ್ರಿ ವೈನಿ, ಸಿಟ್ಟಿಗೆ ಉಪ್ಪು ಜಾಸ್ತಿ ಬೇಕಾಗ್ತದ" ಅಂದಿದ್ದರು. ಊರಿಗೆಲ್ಲ ಚಹಾ ಬಿಡಿಸಿದವರು ಅವರೇ. ಹೋದ ಮನೆಯಲ್ಲೆಲ್ಲ ಅರ್ಧ ಕಪ್ಪು ಕುಡಿಯುತ್ತಿದ್ದವರೂ ಅವರೇ. ಕೇಳಿದರೆ, ನಿಮ್ಮ ಮನೆಯ ಚಹಾ ಎಷ್ಟು ಕಡಕ್ ಇದೆ ಎಂದು ನೋಡದೆ ಹೇಗೆ ಬಿಡಿಸಲಿ ಅನ್ನುತ್ತಿದ್ದರು.

ನಾನು ಬಂದ ಮರುವರ್ಷ ಮಳೆಗಾಲದಲ್ಲಿ ಅತ್ತೆಗೆ ತಲೆ ತಿರುಗಲು ಶುರುವಾಯಿತು. ಒಂದು ದಿನ ಹಂಚು ಇಳಿಸುವಾಗ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದು ನಿಂತರು. ಅತ್ತೆಯ ಮಗಳು, ನನ್ನ ನಾದಿನಿ ಶಾಂತಾಳನ್ನು ಕೊಟ್ಟದ್ದು ಅಕ್ಕಲಕೋಟಕ್ಕೆ. ದಸರೆಯ ಆಸುಪಾಸಿಗೆ ಆಕೆಗೆ ಮೂರನೆಯ ಹೆರಿಗೆ. ಆ ಮನೆಯಲ್ಲಿ ಹಿರಿಯ ಹೆಣ್ಣುಮಕ್ಕಳು ಯಾರೂ ಇಲ್ಲ. ಮೊದಲಿನ ಎರಡು ಮಕ್ಕಳ ಸಾಲೆಯಿರುವುದರಿಂದ ಆಕೆ ತವರಿಗೆ ಬರುವಂತಿರಲಿಲ್ಲ. ಅತ್ತೆಯೇ ಹೋಗಿ ಬಾಣಂತನ ಮಾಡಬೇಕು. ಹಳೆಯ ಸೀರೆಗಳ ಕೌದಿ ಹೊಲಿದಾಗಿತ್ತು, ಬಾಣಂತಿಗೆ ಕೊಡುವ ಅಂಟಿನುಂಡಿಗೆ ಕೊಬ್ಬರಿ ಹೆರೆದಾಗಿತ್ತು. ಅತ್ತೆಯ ಜೀವವೆಲ್ಲ ಅಲ್ಲಿಯೇ ಇತ್ತು.

ಡಾಕ್ಟರಕಾಕಾ ಬಂದು ಅತ್ತೆಯ ಕೆಳರೆಪ್ಪೆ ಜಗ್ಗಿ ನೋಡಿದರು, ಉಗುರು ನೋಡಿದರು. ಒಂದು ಹನಿ ಕೆಂಪು ಇಲ್ಲ ಅಂದರು. "ಹಿಂಗಿದ್ರ ಅಕ್ಕಲಕೋಟದಾಗ ಬಾಣಂತಿ ಮಗ್ಗಲಕ್ಕ ನಿಮಗೂ ಒಂದು ಹಾಸಿಗಿ ಹಾಸಬೇಕಾಗ್ತದ, ವೈನಿ." ಊಟವಾದ ಮೇಲೆ ಎರಡು ಹೊತ್ತು ಕುಡಿಯಲು ಕಬ್ಬಿಣದ ಮಿಕ್ಸ್ಚರ್ ಕೊಟ್ಟರು. ಮುಂದಿನ ಸಲ ನೋಡಿ, ರಕ್ತ ಏರಿದ್ದರೆ ಮಾತ್ರ ಬಸ್ಸು ಹತ್ತಲು ಬಿಡುತ್ತೇನೆ ಎಂದು ಹೋದರು.

ಮುಂದಿನ ಸಲ ನೋಡಿದರೆ ಅತ್ತೆಯ ಕಣ್ಣು ಹಾಗೆಯೇ ಸುಣ್ಣದಂತೆ ಬೆಳ್ಳಗೆ. ಬಾಟಲಿ ತರಲು ಹೇಳಿದರು. ನಾನು ಗೋಡೆಯ ಮಾಡದಿಂದ ಇಳಿಸಿಕೊಟ್ಟೆ. ಔಷಧ ಕೆಲವೇ ಹಲ್ಲು ಇಳಿದಿತ್ತು.

"ವೈನಿ, ಔಷಧ ತಗೊಂಡಿಲ್ಲ ನೀವು."

"ಹಂಗ ಹೆಂಗ ಅಂತೀರಿ ಡಾಕ್ಟರ? ಊಟಾದ ಮ್ಯಾಲ ತಗೋರಿ ಅಂದಿದ್ರಿ. ಊಟ ಆದಾಗ ತಗೊಂಡೀನಿ."

ಅತ್ತೆ ಸುಳ್ಳು ಹೇಳುವವರಲ್ಲ. ಡಾಕ್ಟರಕಾಕಾ ಒಂದೊಂದೇ ಕೇಳುತ್ತ ಹೋದರು, ಅತ್ತೆ ಒಂದೊಂದಾಗಿ ಹೇಳುತ್ತ ಹೋದರು. ಸೋಮವಾರ ಉಪವಾಸ. ಗುರುವಾರ ಅಕ್ಕಲಕೋಟದ ಸ್ವಾಮಿಗಳದು. ಏಕಾದಶಿ, ಸಂಕಷ್ಟಿ ಬೇರೆ. ಆ ದಿನಗಳಲ್ಲಿ ಶೇಂಗಾ, ಬಾಳೆಹಣ್ಣು ತಿಂದದ್ದು ಫರಾಳ, ಊಟವಲ್ಲ, ಹಾಗಾಗಿ ಔಷಧವಿಲ್ಲ. ಉಳಿದ ದಿನ? ಗಂಡಸರದಾಗಿ, ಬಂದವರು ಹೋದವರದಾಗಿ, ನನ್ನದೂ ಆಗಿ, ಒಲೆ ಸಾರಿಸಿದ ಮೇಲೆ ಬುಟ್ಟಿಯಲ್ಲಿ ಉಳಿದ ತಣ್ಣನೆಯ ಅರ್ಧ ರೊಟ್ಟಿಯನ್ನು ಪಲ್ಯದ ಪಾತ್ರೆಯಲ್ಲೇ ಒರೆಸಿ, ನಿಂತುಕೊಂಡೇ ತಿನ್ನುತ್ತಿದ್ದರು. ಅದಕ್ಕೆ ಯಾರಾದರೂ ಊಟ ಅನ್ನುತ್ತಾರೆಯೇ ಎಂದು ಅತ್ತೆ ಡಾಕ್ಟರರನ್ನೇ ಕೇಳಿದರು. ಹಬ್ಬ ಹುಣ್ಣಿಮೆಗೆ ತಾಟು ಹಾಕಿಕೊಂಡು ಕುಳಿತಾಗ ಮಾತ್ರ ಡಾಕ್ಟರ ಹೇಳಿದಂತೆ ನಡೆದಿದ್ದರು.

ಡಾಕ್ಟರಕಾಕಾ ಬೈಯಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ತಪ್ಪು ನಂದೇ ಆತು. ಔಷಧ ಬರದು ಕೊಟ್ಟೆ, ಊಟ ಬರದು ಕೊಡ್ಲಿಲ್ಲ. ಮದಲನೇ ರೊಟ್ಟಿ ಆಕಳದು, ಅದನ್ನ ನಾ ಕೇಳೂದಿಲ್ಲ. ದೇವರ ವಾರಾನೂ ಮುಟ್ಟೂದಿಲ್ಲ, ಫರಾಳ ಆದ ಮ್ಯಾಲ ಔಷಧ ಕುಡೀರಿ, ಪಾಪ ಬಂದ್ರ ನನಗ ಬರ್ಲಿ. ಆದ್ರ ಉಳಿದ ದಿನ ಎರಡನೇ ರೊಟ್ಟಿ ನಿಮ್ಮದು. ಹಂಚಿನ ಮ್ಯಾಲಿಂದು, ಬಿಸಿ ಬಿಸಿ. ಮ್ಯಾಲ ಸೊಪ್ಪು-ತಪ್ಪಲ ಪಲ್ಯ, ಒಂದು ಬೆಲ್ಲದ ಹಳ್ಳು. ಕುಂತು ಉಣಬೇಕು."

ಅತ್ತೆ ಸೆರಗು ಸರಿಮಾಡಿಕೊಂಡು ನಕ್ಕುಬಿಟ್ಟರು. ಗಂಡಸರಿಗಿಂತ ಮೊದಲು ಉಣ್ಣುವುದೆಂದರೆ ಅವರಿಗೆ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಹೋದ ಹಾಗೆ. ಡಾಕ್ಟರಕಾಕಾನಿಗೂ ಅದು ಗೊತ್ತಿತ್ತು. ಅವರು ಹೊರಗೆ ಪಡಸಾಲೆಗೆ ಹೋದರು. ಅಲ್ಲಿ ಅಣ್ಣಾನ ಕೂಡ ಏನೋ ಮಾತಾಡಿದರು, ಅರ್ಧ ಕಪ್ಪು ಚಹಾ ಕುಡಿದರು, ಸೈಕಲ್ಲು ಹತ್ತಿ ಹೋದರು.

ಮರುದಿನ ಮೊದಲ ಭೋಂಗಾ ಕೂಗಿತು. ಅಣ್ಣಾ ಬಂದು ಕುಳಿತರು. ಅತ್ತೆ ಎಂದಿನಂತೆ ಮೊದಲ ರೊಟ್ಟಿ ಆಕಳಿಗೆ ಎತ್ತಿಟ್ಟು ಎರಡನೆಯದನ್ನು ಅವರ ತಾಟಿಗೆ ಹಾಕಿದರು. ಪಲ್ಯ, ಶೇಂಗಾಚಟ್ನಿ, ಮೊಸರು ನಾನು ಬಡಿಸಿದೆ. ಅಣ್ಣಾ ಕೈ ಹಚ್ಚಲಿಲ್ಲ. ತಾಟನ್ನೂ ತಟ್ಟಲಿಲ್ಲ. ನಾನು ಉಪ್ಪಿನಕಾಯಿ ತಂದೆ, ತುಪ್ಪ ತಂದೆ, ನೀರು ಬದಲಿಸಿದೆ. ಸುಮ್ಮನೆ ಕುಳಿತೇ ಇದ್ದರು. ರೊಟ್ಟಿಯ ಹಬೆ ಹೋಯಿತು. ಎರಡನೆಯ ಭೋಂಗಾ ಕೂಗಿತು.

ಅತ್ತೆ ಒಲೆಯ ಕಡೆ ಮುಖಮಾಡಿಯೇ ಅಂದರು, "ಭೋಂಗಾ ಆತು. ಉಣ್ರಿ."

"ನನಗ ಡಾಕ್ಟರ ಪಥ್ಯ ಹೇಳ್ಯಾರ."

"ಏನ್ ಪಥ್ಯ?"

ಅಣ್ಣಾ ತಮ್ಮ ತಾಟನ್ನು ಒಲೆಯ ಕಡೆಗೆ ಒಂದು ಗೇಣು ಸರಿಸಿದರು. ಅಷ್ಟೇ.

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅತ್ತೆ ಅದನ್ನು ತೆಗೆದರು. ನನ್ನ ಕಡೆ ನೋಡದೆ, "ಒಂದು ತಾಟು ಕೊಡು" ಅಂದರು. ಕೊಟ್ಟೆ. ಗೋಡೆಯ ಕಡೆ ಮುಖಮಾಡಿ, ನಮಗೆಲ್ಲ ಬೆನ್ನು ಕೊಟ್ಟು, ಸೆರಗನ್ನು ತಲೆಯ ಮೇಲೆ ಪೂರ್ತಿ ಎಳೆದುಕೊಂಡು ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಬೆನ್ನ ಹಿಂದೆ ಅಣ್ಣಾ ರೊಟ್ಟಿ ಮುರಿದ ಸದ್ದು ಕೇಳಿಸಿತು. ಆ ದಿನ ಹೆಡ್‌ಕ್ಲಾರ್ಕರು ಆಫೀಸಿಗೆ ತಡವಾಗಿ ಹೋದರು. ಯಾಕೆ ಎಂದು ಅಲ್ಲಿ ಯಾರು ಕೇಳಿದರೋ, ಇವರು ಏನು ಹೇಳಿದರೋ ನಮಗೆ ಎಂದೂ ತಿಳಿಯಲಿಲ್ಲ.

ಆಮೇಲೆ ಅದೇ ಪದ್ಧತಿಯಾಯಿತು. ಅತ್ತೆಯ ಬೆನ್ನು, ಅಣ್ಣಾನ ತಾಟು, ಭೋಂಗಾ. ನನಗೆ ಮೂರನೆಯ ರೊಟ್ಟಿ ಬಂತು, ಅದೂ ಬಿಸಿಯದೇ. ನಾನು ಮೈ ತುಂಬಿಕೊಂಡದ್ದು ಆಗಲೇ. ಅಕ್ಕಲಕೋಟದಲ್ಲಿ ನನ್ನ ಅವ್ವ ಅದನ್ನು ಸೊಲ್ಲಾಪುರದ ನೀರಿನ ಗುಣ ಎಂದುಕೊಂಡಳು. ಬಾಟಲಿಯ ಹಲ್ಲುಗಳು ಇಳಿಯತೊಡಗಿದವು. ನವರಾತ್ರಿಯ ಘಟ ಹಾಕುವ ಮೊದಲು ಡಾಕ್ಟರಕಾಕಾ ಬಂದು ಅತ್ತೆಯ ರೆಪ್ಪೆ ಜಗ್ಗಿ ನೋಡಿ, ಬಸ್ಸಿನಲ್ಲಿ ಕಿಡಕಿಯ ಬದಿಗೆ ಕೂಡಿರಿ ಎಂದಷ್ಟೇ ಹೇಳಿದರು. ಅತ್ತೆ ಅಂಟಿನುಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಲಕೋಟದ ಬಸ್ಸು ಹತ್ತಿದರು.

ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು. ಆ ತಿಂಗಳುಗಳ ಸುದ್ದಿ ನಮಗೆ ಶುಕ್ರವಾರ ಸೈಕಲ್ಲಿನ ಮೇಲೆ ಬರುತ್ತಿತ್ತು. ಅಲ್ಲಿಯೂ ಎರಡನೆಯ ರೊಟ್ಟಿ ಬಾಣಂತಿಗೆ ಹೋಗುತ್ತದೆಯಂತೆ, ಮೂರನೆಯದು ಅತ್ತೆಗೆ. ಅಳಿಯ ಕೈ ತೊಳೆದುಕೊಂಡು ನಾಲ್ಕನೆಯದರ ಹಾದಿ ಕಾಯುತ್ತಾನಂತೆ. ಡಾಕ್ಟರಕಾಕಾ ಇದನ್ನು ಹೇಳುವಾಗ ಅಣ್ಣಾ ಪೇಪರು ಓದುತ್ತಿದ್ದರು. ಓದುತ್ತಲೇ ಮುಗುಳ್ನಕ್ಕದ್ದನ್ನು ನಾನು ನೋಡಿದೆ.

ಅತ್ತೆ, ಅಣ್ಣಾ, ಡಾಕ್ಟರಕಾಕಾ ಮೂವರೂ ಈಗಿಲ್ಲ. ಅತ್ತೆ ಇರುವತನಕ ನಾನು ಅವರ ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದೆ. ಆಮೇಲೆ ಮಗನ ಸಾಲೆ, ಅವನ ನೌಕರಿ, ಸೊಸೆಯ ನೌಕರಿ. ಅವರು ಹೋಗಲಿ, ಆಮೇಲೆ ನೋಡಿದರಾಯಿತು ಅನ್ನುತ್ತ ಅನ್ನುತ್ತ ಯಾವಾಗ ನಿಂತುಕೊಂಡು ಪಾತ್ರೆ ಒರೆಸಿ ತಿನ್ನುವುದನ್ನು ಹಿಡಿದೆನೋ ನನಗೇ ತಿಳಿಯದು. ಇತ್ತೀಚೆಗೆ ಏಳುವಾಗ ಕಣ್ಣ ಮುಂದೆ ಚುಕ್ಕಿಗಳು ಬರುತ್ತವೆ. ವಯಸ್ಸು ಎಂದುಕೊಂಡಿದ್ದೆ.

ಇವತ್ತು ಬಾಟಲಿಯನ್ನು ಬಿಸಿಲಿಗೆ ಬೋರಲು ಹಾಕಿ ಬಂದು ರೊಟ್ಟಿಗೆ ಕುಳಿತೆ. ಮಗ, ಸೊಸೆ ತಾಟು ಹಾಕಿಕೊಂಡು ಕುಳಿತಿದ್ದರು. ಮೊದಲನೆಯದನ್ನು ಆಕಳಿಗೆ ತೆಗೆದಿಟ್ಟೆ. ಎರಡನೆಯದು ಹಂಚಿನ ಮೇಲೆ ಉಬ್ಬಿ ಬಂತು. ಅದನ್ನು ನನ್ನ ತಾಟಿಗೆ ಹಾಕಿಕೊಂಡೆ, ಒಲೆ ಸಣ್ಣದು ಮಾಡಿದೆ, ಮಣೆ ಎಳೆದುಕೊಂಡು ಕುಳಿತೆ. ಮಗ ಕೈಗಡಿಯಾರ ನೋಡಿಕೊಂಡ.

ಸೊಸೆ ಮಾತ್ರ ಕೇಳಿದಳು: "ಅತ್ತಿ, ಗ್ವಾಡಿ ಕಡೆ ಮಾರಿ ಮಾಡಿ ಯಾಕ ಕುಂತೀರಿ?"

ಆಗಲೇ ನನಗೆ ಗೊತ್ತಾದದ್ದು. ನಾನು ಮಣೆಯನ್ನು ಅವರ ಕಡೆಗೆ ತಿರುಗಿಸಿಕೊಂಡೆ. ರೊಟ್ಟಿ ಇನ್ನೂ ಬಿಸಿಯಾಗಿತ್ತು.