ಡೆನ್ಮಾರ್ಕಿನ ರೈತ ಪ್ರಧಾನಿಯೂ ಟೀಚರ ಹಳದಿ ಚೀಟಿಯೂ

ಸಿಟ್ಟು ಬಂದರೆ ನನ್ನ ಮೂಗಿನ ತುದಿ ಮೊದಲು ಕೆಂಪಾಗುತ್ತದೆ ಎಂದು ನನ್ನವರು ಹೇಳುತ್ತಾರೆ. ಹಾಗಾದರೆ ಆ ಶುಕ್ರವಾರ ಉಮ್ಮ್ ಸಲಾಲ್‌ನ ಸಭಾಂಗಣದ ಬಾಗಿಲಲ್ಲಿ ಅದು ಕೆಂಡದ ಹಾಗೆ ಆಗಿರಬೇಕು. ನಮ್ಮ ಕನ್ನಡ ಬಳಗದ ವಾರ್ಷಿಕ ಕೂಟ ಅಂದು. ಸದಸ್ಯರ ಕಾರ್ಡು ನೋಡಿ ಒಳಗೆ ಬಿಡುತ್ತಿದ್ದರು. ನನ್ನವರು ತಮ್ಮ ಕಾರ್ಡು ತೋರಿಸಿ "ಇಬ್ಬರು" ಅಂದರು, ನಾವು ಒಳಗೆ ಹೋದೆವು. ನಮ್ಮ ಹಿಂದೆಯೇ ಟೀಚರ್ ಬಂದರು. ಬಾಗಿಲು ಕಾಯುತ್ತಿದ್ದವರು ಅವರ ಸೆರಗಿಗೆ ಒಂದು ಹಳದಿ ಚೀಟಿ ಸಿಕ್ಕಿಸಿದರು. ಅದರ ಮೇಲೆ 'ಅತಿಥಿ' ಎಂದು ಬರೆದಿತ್ತು.

ಟೀಚರ್ ಅಂದರೆ ಯಾರು ಎಂದು ಹೇಳಬೇಕು. ಈ ಕೊಲ್ಲಿ ದೇಶಕ್ಕೆ ಬಂದ ಕನ್ನಡದ ಮಕ್ಕಳಿಗೆ ಅಕ್ಷರ ತಿದ್ದಿಸಿದವರು ಅವರು. ಇಲ್ಲಿಯ ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳು ಕನ್ನಡವನ್ನು ಚಪ್ಪಲಿ ಬಿಟ್ಟ ಹಾಗೆ ಬಾಗಿಲಲ್ಲೇ ಬಿಟ್ಟುಬಿಡುತ್ತಾರೆ. ಅಂಥವರನ್ನು ಶನಿವಾರ ಬೆಳಿಗ್ಗೆ ತಮ್ಮ ಮನೆಯ ಹಾಲಿನಲ್ಲಿ ಕೂರಿಸಿ, ಗದರಿ, ಅವಲಕ್ಕಿ ತಿನ್ನಿಸಿ ಕಲಿಸಿದರು. ನನ್ನ ಇಬ್ಬರು ಮಕ್ಕಳೂ ಅಲ್ಲೇ ಕಲಿತದ್ದು. ನಮ್ಮ ಮನೆಮಾತು ಬ್ಯಾರಿ, ಅವರದ್ದು ತುಳು. ಎರಡು ಮನೆಯ ನಡುವಿನ ಮಾತು ಕನ್ನಡ. ಅವರ ಯಜಮಾನರು ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು. ಅಳಿಯ ಮಲಯಾಳಿ, ಬಂಗಾರದಂಥ ಮನುಷ್ಯ, ಆದರೆ ಬಳಗದ ಸದಸ್ಯನಲ್ಲ. ನಮ್ಮಲ್ಲಿ ಸದಸ್ಯತ್ವ ಮನೆಯ ಗಂಡಸಿನ ಹೆಸರಿನಲ್ಲಿ. ಹೆಂಡತಿ, ಮಕ್ಕಳು, ತಾಯಿ ಎಲ್ಲ ಸೇರಿ ಕಾರ್ಡಿನ ಕೆಳಗೆ 'ಮತ್ತು ಕುಟುಂಬ'. ಗಂಡಸು ಹೋದರೆ ಕುಟುಂಬವೂ ಹೋಯಿತು. ಟೀಚರ್ ಅತಿಥಿಯಾದದ್ದು ಹಾಗೆ.

ನಿಯಮ ಮಾಡಿದವರು ಕೆಟ್ಟವರೇನೂ ಅಲ್ಲ. ಬಳಗ ಹುಟ್ಟಿದ ಕಾಲದಲ್ಲಿ ಗಂಡಸರು ಒಬ್ಬರೇ ಬಂದು, ಒಂದು ಕೋಣೆಯಲ್ಲಿ ಒತ್ತಿಕೊಂಡು ಮಲಗಿ, ಸಾರು ಹಂಚಿಕೊಂಡು ತಿನ್ನುತ್ತಿದ್ದರು. ಹೆಂಗಸರು ಆಮೇಲೆ ಬಂದರು. ನಿಯಮ ಮಾತ್ರ ಅಲ್ಲೇ ಕೂತಿತ್ತು.

ಅಧ್ಯಕ್ಷರಾಗಿದ್ದ ಹಾಜಿಯವರ ಬಳಿ ನೆಟ್ಟಗೆ ಹೋದೆ. ಊರಿನ ಹಳೆ ವ್ಯಾಪಾರಿ, ನನ್ನ ತಂದೆಯ ಸ್ನೇಹಿತರು, ನನ್ನನ್ನು ಫ್ರಾಕು ಹಾಕುವ ಕಾಲದಿಂದ ಬಲ್ಲವರು.

"ಎಂತ ಮಾಡುದು ಮಾರಾಯ್ತಿ, ರೂಲ್ಸ್ ಅಲ್ವಾ?" ಅಂದರು. "ನಿನಗೆಂತ ಕಷ್ಟ ಆದದ್ದು? ನಿನ್ನ ಗಂಡ ಕೈ ಎತ್ತಿದ್ರೆ ನೀನೇ ಎತ್ತಿದ ಹಾಗೆ."

"ಹೌದಾ ಹಾಜಿಯವರೇ? ಅವರು ಬಿರಿಯಾನಿ ತಿಂದ್ರೆ ನನ್ನ ಹೊಟ್ಟೆ ತುಂಬ್ತದಾ?"

ಹಾಜಿಯವರು ಗಡ್ಡ ನೀವಿಕೊಂಡು ನಕ್ಕರು. "ಖಲಾಸ್, ಬದಲು ಮಾಡುವ. ಆದ್ರೆ ನಿನಗೆ ಗೊತ್ತುಂಟಲ್ಲ, ಮೊದಲೆರಡು ಸಲ ಎಂತ ಆಯ್ತು ಅಂತ?"

ಗೊತ್ತಿತ್ತು. ನಿಯಮ ಬದಲಿಸಬೇಕಾದರೆ ಸಭೆಗೆ ಬಂದವರಲ್ಲಿ ಹೆಚ್ಚಿನವರು ಒಪ್ಪಿದರೆ ಸಾಲದು, ಒಟ್ಟು ಸದಸ್ಯರಲ್ಲಿ ಅರ್ಧ ಜನ ಸಭೆಯಲ್ಲೇ ಕೈ ಎತ್ತಬೇಕು. ಬಾರದವನು ಬೇಡ ಎಂದ ಹಾಗೆಯೇ ಲೆಕ್ಕ. ನಮ್ಮವರೋ, ಊಟದ ಕೂಟಕ್ಕೆ ಕುರ್ಚಿ ಸಾಲದಷ್ಟು ಬರುತ್ತಾರೆ, ಸಭೆಗೆ ಕರೆದರೆ ನಾಪತ್ತೆ. ವಾರಕ್ಕೊಂದೇ ರಜೆ ಶುಕ್ರವಾರ, ನಮಾಜು, ನಿದ್ದೆ, ಬಟ್ಟೆ ಒಗೆಯುವುದು, ಊರಿಗೆ ಫೋನು. ಕೇಳಿದರೆ ಎಲ್ಲರೂ ಒಪ್ಪುವವರೇ. "ಅದು ಹೇಗೂ ಪಾಸಾಗ್ತದೆ ಬಿಡಿ" ಎಂದು ಹೊದ್ದು ಮಲಗುವವರು. ಅವರು ಮಲಗಿದ್ದರಿಂದಲೇ ಎರಡು ಸಲವೂ ಬಿದ್ದುಹೋಯಿತು.

ಈ ಹೊಟ್ಟೆಯುರಿಯನ್ನು ನಾನು ಆಫೀಸಿಗೂ ಕೊಂಡುಹೋದೆ. ನನ್ನ ಕೆಲಸ ಹಮದ್ ಬಂದರಿನಲ್ಲಿ, ಹಡಗು ಸಾಗಣೆಯ ಒಂದು ಆಫೀಸಿನಲ್ಲಿ. ಶಮಾಲ್ ಗಾಳಿ ಜೋರಾಗಿ ಬೀಸಿದ ದಿನ ಕ್ರೇನ್ ನಿಲ್ಲಿಸುತ್ತಾರೆ, ಕಂಟೇನರ್ ಅಲುಗುವುದಿಲ್ಲ, ನಾವು ಚಹಾ ಕುಡಿಯುತ್ತ ಕಿಟಕಿಯಾಚೆ ಧೂಳು ನೋಡುತ್ತೇವೆ. ನಮ್ಮ ಮ್ಯಾನೇಜರ್ ಡೆನ್ಮಾರ್ಕಿನವರು. ನಿವೃತ್ತಿಗೆ ಹತ್ತಿರವಾದ, ಮಾತು ಕಡಿಮೆಯ ಮನುಷ್ಯ. ನನ್ನ ಕಥೆ ಕೇಳಿ ಅವರು ಕಪ್ಪು ಕೆಳಗಿಟ್ಟರು. "ನಮ್ಮ ದೇಶದಲ್ಲೂ ಇದೇ ನಿಯಮವಿತ್ತು. ಇದೇ ರೋಗವಿತ್ತು. ಅದಕ್ಕೆ ಮದ್ದು ಕಂಡುಹಿಡಿದವರು ನಮ್ಮ ದ್ವೀಪದ ಒಬ್ಬ ರೈತ" ಅಂದರು. ಆಮೇಲೆ ಗಾಳಿ ನಿಲ್ಲುವವರೆಗೆ ಅವರೂ ನಿಲ್ಲಲಿಲ್ಲ.

ಆ ರೈತ ಹರೆಯದಲ್ಲೇ ತನ್ನ ಪಕ್ಷದ ಯುವಕರ ಮುಂದಾಳಾದವನು. ಎರಡನೇ ಮಹಾಯುದ್ಧ ಮುಗಿದು ಜರ್ಮನ್ ಸೈನಿಕರು ದೇಶ ಬಿಟ್ಟ ಮೇಲೆ ಕೃಷಿ ಮಂತ್ರಿಯಾದ. ಕೆಲವು ವರ್ಷ ಕಳೆದು ಪ್ರಧಾನಿಯೇ ಆದ. ಆದರೆ ಎಂಥ ಪ್ರಧಾನಿ! ಎರಡು ಪಕ್ಷ ಕೂಡಿದರೂ ಸಂಸತ್ತಿನಲ್ಲಿ ಬಹುಮತವಿಲ್ಲ. ಒಂದು ಕಡೆಯವರು ಕೆಮ್ಮಿದರೂ ಸರ್ಕಾರ ಅಲುಗಾಡುವ ಸ್ಥಿತಿ. ಅಂಥವನು ಕೈಹಾಕಿದ್ದು ಸಂವಿಧಾನಕ್ಕೆ. ಸಂಸತ್ತಿನ ಮೇಲ್ಮನೆಯನ್ನೇ ತೆಗೆದು ಒಂದೇ ಮನೆ ಉಳಿಸಬೇಕು ಎಂದು ಹೊರಟ. ಅದಕ್ಕೆ ಜನಮತ ಬೇಕು. ಅಲ್ಲಿಯೂ ಮತ ಹಾಕಿದವರಲ್ಲಿ ಹೆಚ್ಚಿನವರು ಹೌದೆಂದರೆ ಸಾಲದು, ದೇಶದ ಒಟ್ಟು ಮತದಾರರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಬಂದು ಹೌದೆನ್ನಬೇಕು. ಯುದ್ಧಕ್ಕೆ ಮೊದಲು ಬೇರೆಯವರು ಒಮ್ಮೆ ಪ್ರಯತ್ನಿಸಿ, ಕೂದಲೆಳೆಯಲ್ಲಿ ಸೋತಿದ್ದರು. ಜನ ವಿರೋಧಿಸಿ ಅಲ್ಲ, ಮನೆಯಲ್ಲಿ ಕೂತು.

"ಮೇಲ್ಮನೆ ಇದ್ದರೆಷ್ಟು ಬಿಟ್ಟರೆಷ್ಟು, ಅದಕ್ಕಾಗಿ ಯಾರು ಬೂಟು ಹಾಕಿಕೊಂಡು ಹೊರಡುತ್ತಾರೆ?" ಮ್ಯಾನೇಜರ್ ಕೇಳಿದರು. "ಆದರೆ ನಮ್ಮ ರಾಜನಿಗೆ ಮೂವರು ಹೆಣ್ಣುಮಕ್ಕಳು. ಗಂಡುಮಗು ಇಲ್ಲ. ಹೆಣ್ಣಿಗೆ ಪಟ್ಟವಿಲ್ಲ ಎಂಬ ಕಾನೂನಿತ್ತು. ಆ ಕಾನೂನಿನ ಬದಲಾವಣೆಯನ್ನೂ ಅದೇ ಮತಕ್ಕೆ ಸೇರಿಸಿದ್ದರು. ನನ್ನ ಅಜ್ಜಿಗೆ ಸಂವಿಧಾನ ಅಂದರೆ ಏನೆಂದೇ ಗೊತ್ತಿರಲಿಲ್ಲ. ರಾಜನ ದೊಡ್ಡ ಮಗಳು ಗೊತ್ತಿದ್ದಳು. ಆ ಹುಡುಗಿಗೆ ಯಾಕೆ ಇಲ್ಲ ಎನ್ನುತ್ತೀರಿ ಎಂದು ಸಿಡುಕುತ್ತ ಅಜ್ಜಿ ಮತಗಟ್ಟೆಗೆ ಹೋದಳು. ಅಜ್ಜನನ್ನೂ ಎಳೆದುಕೊಂಡು ಹೋದಳು."

"ಗೆದ್ದಿತಾ?"

"ಗೆದ್ದಿತು. ಈ ಸಲವೂ ಕೂದಲೆಳೆಯಲ್ಲೇ."

ಆ ಪ್ರಧಾನಿ ಮುಂದೆ ಏನಾದ ಎಂದು ಕೇಳಿದೆ. ಮ್ಯಾನೇಜರ್ ನಕ್ಕರು. ಅದೇ ವರ್ಷ ಚುನಾವಣೆ ಬಂತು, ಅವನ ಕುರ್ಚಿ ಹೋಯಿತು. ಮತ್ತೆಂದೂ ಪ್ರಧಾನಿಯಾಗಲಿಲ್ಲ. ವಿರೋಧ ಪಕ್ಷದ ನಾಯಕನಾಗಿ ವರ್ಷಗಟ್ಟಲೆ ದುಡಿದ. ತನ್ನ ಪಕ್ಷವನ್ನು ನೆಂಟ ಪಕ್ಷದ ಜೊತೆ ಒಂದಾಗಿಸಲು ಹೋಗಿ ತನ್ನವರಿಗೇ ಬೇಡವಾದ. ಆದರೂ ಆ ಹುಡುಗಿ ಬೆಳೆದು ರಾಣಿಯಾಗಿ ಸಿಂಹಾಸನ ಏರಿದ್ದನ್ನು ನೋಡಿಯೇ ಕಣ್ಣು ಮುಚ್ಚಿದ.

ಸಂಜೆ ಅಲ್ ಥುಮಾಮಾದ ನಮ್ಮ ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ಅಜ್ಜಿಯದ್ದೇ ಯೋಚನೆ. ಎರಡು ಸಲವೂ ನಾವು 'ನಿಯಮಾವಳಿ ತಿದ್ದುಪಡಿ' ಎಂದು ಮೆಸೇಜ್ ಕಳಿಸಿದ್ದೆವು. ಅಂಥ ಮೆಸೇಜ್ ನೋಡಿ ನಾನೇ ಮಲಗಿಬಿಡುತ್ತೇನೆ! ಜನರಿಗೆ ತಿದ್ದುಪಡಿ ಬೇಡ, ಟೀಚರ್ ಬೇಕು. ಕಾರು ನಿಲ್ಲಿಸುವ ಮೊದಲೇ ನನ್ನ ಉಪಾಯ ಸಿದ್ಧವಾಗಿತ್ತು.

ಮೊದಲು ಟೀಚರನ್ನೇ ಒಪ್ಪಿಸಬೇಕಾಯಿತು. "ನನ್ನ ಹೆಸರಲ್ಲಿ ಗಲಾಟೆ ಬೇಡ ಮಾರಾಯ್ತಿ" ಅಂದರು. "ಒಂದು ಚೀಟಿ ಅಲ್ವಾ, ಅದ್ರಿಂದ ನನಗೆ ಎಂತ ಭಾರ?" ಆದರೆ ಹಾಗೆನ್ನುವಾಗ ಅವರ ಕೈ ಸೆರಗಿನ ಮೇಲೆ ಹೋಯಿತು, ಪಿನ್ನು ಚುಚ್ಚಿದ್ದ ಜಾಗಕ್ಕೆ. ಅದನ್ನು ನೋಡಿ ನನಗೆ ಅಳು ಬಂತು. ಅಳು ಬಂದರೆ ನನಗೆ ಜೋರು ಬರುತ್ತದೆ. "ನಿಮಗೆ ಭಾರ ಇಲ್ಲದಿದ್ರೆ ನನಗುಂಟು ಟೀಚರ್. ನೀವು ಸುಮ್ನೆ ಬಂದು ಕೂರಿ, ಸಾಕು" ಅಂದೆ. ತಾವು ಕಲಿಸಿದ ಮಕ್ಕಳ ತಾಯಿಯೆದುರು ಅವರೇ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು.

ಮೆಸೇಜ್ ಬದಲಾಯಿತು: 'ಈ ಶುಕ್ರವಾರ ಟೀಚರಿಗೆ ಸನ್ಮಾನ. ಅವರು ಕಲಿಸಿದ ಮಕ್ಕಳೆಲ್ಲ ಓದಿ ತೋರಿಸುತ್ತಾರೆ. ಆಮೇಲೆ ಟೀಚರನ್ನು ನಮ್ಮ ಬಳಗಕ್ಕೆ ಸೇರಿಸಿಕೊಳ್ಳುವ ಮತ. ನೀವು ಬಾರದಿದ್ದರೆ ಅವರು ಅತಿಥಿಯಾಗಿಯೇ ಉಳಿಯುತ್ತಾರೆ.' ನನ್ನವರು ಓದಿ, "ಇದು ಕರೆಯೋಲೆಯಾ ಬೆದರಿಕೆಯಾ?" ಎಂದು ಕೇಳಿದರು. ಎರಡೂ ಅಂದೆ.

ಬಾಗಲಕೋಟೆ ಕಡೆಯ ಒಬ್ಬ ಅಣ್ಣ ಅನಿಲ ಘಟಕದಲ್ಲಿ ಕೆಲಸ ಮಾಡುವವರು, ಆ ಕಡೆಯ ಸದಸ್ಯರಿಗೆಲ್ಲ ಅವರ ಮಾತೆಂದರೆ ಮಾತು. ಅವರಿಗೆ ಫೋನು ಮಾಡಿದೆ. "ಅಕ್ಕಾರ, ರೂಲ್ಸು ಗೀಲ್ಸು ನಮಗ ತಿಳಿಯಂಗಿಲ್ರಿ" ಅಂದರು. "ನನ್ನ ಮಗಳು ಅವರವ್ವನ ಊರಾಗ ಬಸ್ಸಿನ ಬೋರ್ಡ್ ಓದ್ಯಾಳ್ರಿ, ತಾನ ಓದ್ಯಾಳ. ಅದು ಟೀಚರ್ ಪುಣ್ಯಾ. ಗಾಡಿ ತುಂಬ ಬರ್ತೇವ್ರಿ, ನೀವು ಚಿಂತಿ ಮಾಡಬ್ಯಾಡ್ರಿ."

ಬಂದರು! ಗಾಡಿ ತುಂಬಿ ಬಂದರು, ಗಾಡಿಯ ಹಿಂದೆ ಇನ್ನೊಂದು ಗಾಡಿಯಲ್ಲಿ ಬಂದರು. ಬಂದರಿನ ಪಾಳಿ ಮುಗಿಸಿದವರು ಸಮವಸ್ತ್ರದಲ್ಲೇ ಬಂದರು. ಊಟದ ಕೂಟದಂತೆಯೇ ಕುರ್ಚಿ ಸಾಲಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಓದಿದರು. 'ಳ' ಬಾರದ ಮಕ್ಕಳಿಗೆ ಟೀಚರ್ ಕೂತಲ್ಲಿಂದಲೇ ನಾಲಗೆ ಮಡಚಿ ತೋರಿಸಿದರು. ಸನ್ಮಾನದ ಶಾಲಿನ ಕೆಳಗೆ ಆ ದಿನವೂ ಹಳದಿ ಚೀಟಿ ಇತ್ತು. ತೆಗೆಯಬೇಡಿ ಎಂದು ನಾನೇ ಹಟ ಮಾಡಿದ್ದೆ.

ಆಮೇಲೆ ಹಾಜಿಯವರು ವೇದಿಕೆಯಿಂದ ನಿಯಮ ಓದಿದರು: ಹದಿನೆಂಟು ತುಂಬಿದ ಹೆಣ್ಣಿಗೂ ಗಂಡಿಗೂ ಅವರವರ ಹೆಸರಿನಲ್ಲೇ ಸದಸ್ಯತ್ವ. ಕೈಗಳು ಮೇಲೆದ್ದವು. ನನ್ನವರ ಕೈ ಎಲ್ಲರಿಗಿಂತ ಮೊದಲು ಎದ್ದಿತು. ನಾನು ನನ್ನ ಎರಡು ಕೈಗಳನ್ನೂ ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದೆ. ಇಷ್ಟು ಓಡಾಡಿದವಳು ನಾನು, ಎತ್ತಲು ನನಗೆ ಕೈ ಇಲ್ಲ. ಆ ಕ್ಷಣದ ಉರಿಯನ್ನು ಈಗಲೂ ನೆನೆಯಬಲ್ಲೆ.

ಇಬ್ಬರು ಎಣಿಸಿದರು. ಮತ್ತೆ ಎಣಿಸಿದರು. ಹಾಜಿಯವರ ಕಿವಿಯಲ್ಲಿ ಏನೋ ಹೇಳಿದರು. ಹಾಜಿಯವರ ಮುಖ ಸಣ್ಣದಾಯಿತು. "ಸ್ವಲ್ಪ ಕಡಿಮೆ ಉಂಟು" ಅಂದರು. "ಬಹಳ ಸ್ವಲ್ಪ. ಎಂತ ಮಾಡುದು..."

ಸಭೆ ಉಸಿರು ಬಿಟ್ಟಿತು. ನನ್ನ ಕಣ್ಣು ಮಂಜಾಯಿತು. ಆಗ ಟೀಚರ್ ಎದ್ದು ನಿಂತರು.

"ಅಧ್ಯಕ್ಷರೇ, ಅತಿಥಿಗಳು ಒಂದು ಪ್ರಶ್ನೆ ಕೇಳ್ಬಹುದಾ?"

"ಕೇಳಿ ಟೀಚರ್, ಕೇಳಿ."

"ವೇದಿಕೆ ಮೇಲೆ ಕೂತವರು ಸದಸ್ಯರಲ್ವಾ? ಅಥವಾ ಅವರೂ ನನ್ನ ಹಾಗೆ ಅತಿಥಿಗಳಾ?"

ನಮ್ಮ ಬಳಗದ ಹಳೆಯ ಚಾಳಿ ಅದು. ವೇದಿಕೆ ಮೇಲಿರುವವರು ಮತ ಹಾಕುವುದಿಲ್ಲ, ಹಾಕಿದರೆ ಮರ್ಯಾದೆಯಲ್ಲ ಎಂದು ಯಾರೂ ಹೇಳದೆಯೇ ಎಲ್ಲರೂ ನಂಬಿದ್ದರು. ನಿಯಮದಲ್ಲಿ ಅಂಥದ್ದೇನೂ ಇಲ್ಲ. ಕಾರ್ಯಕಾರಿ ಸಮಿತಿ ಇಡಿಯಾಗಿ ಅಲ್ಲಿ ಸಾಲಾಗಿ ಕೂತಿತ್ತು, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು. ಹಿಂದಿನ ಎರಡು ಸಲವೂ ಹಾಗೆಯೇ ಕೂತು, ತಾವೇ ತಂದ ತಿದ್ದುಪಡಿಗೆ ತಾವೇ ಕೈ ಎತ್ತಿರಲಿಲ್ಲ!

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ ನಕ್ಕಿತು. ಹಾಜಿಯವರು ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡರು, ಟೀಚರನ್ನು ನೋಡಿದರು. ಅವರ ಮೊಮ್ಮಗಳಿಗೂ ಕಲಿಸಿದವರು ಟೀಚರೇ. "ಯಲ್ಲಾ, ಆಗಲಿ!" ಎಂದು ಕೈ ಎತ್ತಿದರು. ಸಾಲಿಗೆ ಸಾಲೇ ಎತ್ತಿತು.

ಗೆದ್ದೆವು. ಕುರ್ಚಿ ಬಿದ್ದ ಸದ್ದು, ಮಕ್ಕಳ ಕೂಗು, ಬಾಗಲಕೋಟೆ ಅಣ್ಣನ ಸಿಳ್ಳೆ. ನಾನು ಟೀಚರನ್ನು ತಬ್ಬಿಕೊಂಡು ಅತ್ತೆ, ನಕ್ಕೆ, ಮತ್ತೆ ಅತ್ತೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ನನ್ನವರಿಗೆ ಅದನ್ನು ಅಲ್ಲೇ ಹೇಳಿದೆ, ಅವರು ಒಪ್ಪಿಕೊಂಡರು.

ಮುಂದಿನ ತಿಂಗಳು ಹೊಸ ಅಧ್ಯಕ್ಷರ ಆಯ್ಕೆ. ನನಗೆ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ? ಅಡುಗೆ ಮಾಡುತ್ತ ಭಾಷಣ ಅಭ್ಯಾಸ ಮಾಡಿದ್ದೆ. ಆದರೆ ಹಾಜಿಯವರೇ ಎದ್ದು ಟೀಚರ ಹೆಸರು ಸೂಚಿಸಿದರು. ಚಪ್ಪಾಳೆ ಬಿದ್ದ ರೀತಿ ನೋಡಿದರೆ ಬೇರೆ ಹೆಸರಿಗೆ ಜಾಗವೇ ಇರಲಿಲ್ಲ. ನನ್ನ ಮೂಗಿನ ತುದಿ ಬಿಸಿಯಾಗುತ್ತಿದ್ದಾಗ ನನ್ನವರು ಬಗ್ಗಿ ಪಿಸುಗುಟ್ಟಿದರು: "ನಿನ್ನ ಡೆನ್ಮಾರ್ಕಿನ ಪ್ರಧಾನಿಗೂ ಹೀಗೇ ಆದದ್ದಲ್ವಾ?" ನಗು ತಡೆಯಲಾಗಲಿಲ್ಲ. ಆ ಮನುಷ್ಯ ವರ್ಷಗಟ್ಟಲೆ ಕಾದು ನೋಡಿದ ಹೆಣ್ಣಿನ ಪಟ್ಟವನ್ನು ನಾನು ಒಂದೇ ತಿಂಗಳಲ್ಲಿ ನೋಡಿದ್ದೆ. ಆಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ಈ ವರ್ಷದ ಕೂಟಕ್ಕೆ ಮ್ಯಾನೇಜರನ್ನು ಕರೆದೆ. ಬಾಗಿಲಲ್ಲಿ ನನ್ನವರು ಹಳೆ ಅಭ್ಯಾಸದಿಂದ ತಮ್ಮ ಕಾರ್ಡು ತೋರಿಸಿ "ಇಬ್ಬರು" ಅಂದರು.

"ಅವರು ಒಬ್ಬರು" ಎಂದು ನಾನು ತಿದ್ದಿದೆ. ನನ್ನ ಕಾರ್ಡು ಹೊರತೆಗೆದೆ. "ನಾನು ಒಬ್ಬಳು."

ಸ್ವಾಗತಕ್ಕೆ ನಿಂತಿದ್ದ ಟೀಚರ್ ತಮ್ಮ ಪರ್ಸು ತೆರೆದರು. ಅದೇ ಹಳದಿ ಚೀಟಿ, ಅಂಚು ಸ್ವಲ್ಪ ಮುದುಡಿತ್ತು. ಅದನ್ನು ಮ್ಯಾನೇಜರರ ಕೋಟಿಗೆ ಸಿಕ್ಕಿಸಿದರು. ಅವರು ಏನು ಬರೆದಿದೆ ಎಂದು ಕೇಳಿದರು, ನಾನು ಹೇಳಿದೆ. ಹಾಗಾದರೆ ಸಭೆಯಲ್ಲಿ ಕೈ ಎತ್ತಬಹುದೇ ಎಂದು ತಮಾಷೆ ಮಾಡಿದರು.

"ಕೈ ಎತ್ತಲಿಕ್ಕೆ ಮಾಫಿ, ಇಲ್ಲವೇ ಇಲ್ಲ" ಅಂದರು ಟೀಚರ್, ಇಲ್ಲಿಯ ಅರಬಿ ಬೆರೆಸಿ, ಗಂಭೀರವಾಗಿ. "ಊಟ ಮಾತ್ರ ಉಂಟು ಅಂತ ಹೇಳು."

ಹೇಳಿದೆ. ಅವರು ತಲೆಬಾಗಿ ಅತಿಥಿಗಳ ಸಾಲಿಗೆ ನಡೆದರು. ನಾನು ಸದಸ್ಯರ ಸಾಲಿಗೆ ಹೋಗಿ, ಎಲ್ಲಕ್ಕಿಂತ ಮುಂದಿನ ಕುರ್ಚಿಯಲ್ಲಿ ಕೂತೆ.